ಕಂಠ ಬದಲಾದಾಗ ಗಾಯಕಿ ಏನು ಮಾಡಬೇಕು?

ಹುಬ್ಬಳ್ಳಿಯಿಂದ ಧಾರವಾಡದ ದಾರಿ ಹಿಡಿದವರಿಗೆ ಮೊದಲು ಕಣ್ಣಿಗೆ ಬೀಳುವ ದೊಡ್ಡ ನೀರು ಉಣಕಲ್ ಕೆರೆ. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದ ಉಣಕಲ್ ಇಂದು ಅವಳಿ ನಗರದ ಒಂದು ಭಾಗ. ಚಾಲುಕ್ಯರ ಕಾಲದ ಚಂದ್ರಮೌಳೀಶ್ವರ ದೇವಾಲಯದಿಂದ ಹೆಸರಾದ ಈ ಊರಿಗೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಗುರುತು ಸೇರಿದೆ. 2011ರಲ್ಲಿ ಇಲ್ಲಿ ಡಾ. ಗಂಗೂಬಾಯಿ ಹಾನಗಲ್ ಗುರುಕುಲ ಆರಂಭವಾಯಿತು. ಹಿಂದೂಸ್ತಾನಿ ಸಂಗೀತ ಕಲಿಯಬಯಸುವ ತರುಣ ತರುಣಿಯರು ಗುರುಗಳ ಸನ್ನಿಧಿಯಲ್ಲಿಯೇ ಇದ್ದು ಕಲಿಯಲಿ ಎಂಬ ಆಶಯದಿಂದ ರಾಜ್ಯ ಸರ್ಕಾರ ಕಟ್ಟಿದ ಸಂಸ್ಥೆ ಇದು.

ಸಂಗೀತವನ್ನು ಕುರಿತ ಯಾವ ಮಾತುಕತೆಯಲ್ಲಿಯೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹಾಡುವುದನ್ನೇ ಬದುಕಾಗಿ ಆರಿಸಿಕೊಂಡವರ ಬಂಡವಾಳವೆಲ್ಲ ಗಂಟಲಿನಲ್ಲಿರುವ ಎರಡು ಪುಟ್ಟ ಮಡಿಕೆಗಳು. ಅವು ಕೈಕೊಟ್ಟರೆ ಗತಿಯೇನು? ಪಿಟೀಲು ಒಡೆದರೆ ಇನ್ನೊಂದು ಪಿಟೀಲು ತರಬಹುದು. ಕಂಠ ಒಡೆದರೆ ಇನ್ನೊಂದು ಕಂಠವನ್ನು ಎಲ್ಲಿಂದ ತರುವುದು? ಉಣಕಲ್ಲಿನ ಗುರುಕುಲಕ್ಕೆ ಯಾರ ಹೆಸರಿದೆಯೋ ಆ ಗಾಯಕಿಯ ಬದುಕಿನಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆ. ಪಶ್ಚಿಮದ ಆಪೆರಾ ಗಾಯಕಿಯರ, ಅದರಲ್ಲೂ ಜರ್ಮನಿಯ ಗಾಯಕಿಯರ, ವೃತ್ತಿಯೊಡನೆ ಹೋಲಿಸಿ ನೋಡಿದರೆ ಆ ಉತ್ತರದ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ತಾಯಿಯ ಹಾಡು, ಮಗಳ ಹಾದಿ

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಶುಕ್ರವಾರಪೇಟೆಯ ಮನೆಯಲ್ಲಿ ಬೆಳೆದ ಹುಡುಗಿ. ಬಾಲ್ಯದ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತವನ್ನು ಚೆನ್ನಾಗಿ ಬಲ್ಲವರು. ಕಿರಾಣಾ ಘರಾಣೆಯ ಮಹಾಗಾಯಕ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಹಾಡು ಕೇಳಲು ಆ ಮನೆಗೆ ಬಂದುದುಂಟು. ಹೀಗೆ ಎರಡು ಪದ್ಧತಿಗಳ ಸಂಗೀತವೂ ಆ ಮಗುವಿನ ಕಿವಿಗೆ ಬೀಳುತ್ತಿತ್ತು. ಮಗುವಿನ ಮನಸ್ಸು ಒಲಿದದ್ದು ಹಿಂದೂಸ್ತಾನಿಯ ಕಡೆಗೆ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಷ್ಟೆ. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಈ ಹುಡುಗಿಯೂ ಒಬ್ಬಳು. ಅಷ್ಟು ದೊಡ್ಡ ಸಭೆಯಲ್ಲಿ ಹಾಡಿ ಬಂದವಳಿಗೆ ತನ್ನ ಊರಿನ ಬೀದಿಯಲ್ಲಿ ನಡೆದುಹೋಗುವುದು ಸುಲಭವಿರಲಿಲ್ಲ. ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದ ಹುಡುಗಿ ಪಾಠಕ್ಕೆ ಹೊರಟರೆ ಕಿಟಕಿಗಳಿಂದ ಕುಹಕದ ಮಾತು ಬರುತ್ತಿದ್ದ ಕಾಲವದು.

1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿತು. ಮಗಳಿಗೆ ಹಿಂದೂಸ್ತಾನಿ ಸಂಗೀತದ ಕ್ರಮವಾದ ಪಾಠ ಸಿಗಬೇಕೆಂಬುದೇ ಅದರ ಉದ್ದೇಶ. ಇಲ್ಲಿ ತಾಯಿ ಮಾಡಿದ ಒಂದು ತ್ಯಾಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತನ್ನ ಕರ್ನಾಟಕ ಶೈಲಿಯ ಗಮಕಗಳು ಮಗಳ ಕಿವಿಗೆ ಬಿದ್ದು ಆಕೆಯ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಒಬ್ಬ ಗಾಯಕಿಯ ವೃತ್ತಿ ಆರಂಭವಾದದ್ದು ಇನ್ನೊಬ್ಬ ಗಾಯಕಿಯ ಮೌನದಿಂದ ಎನ್ನಬೇಕು.

ಹುಬ್ಬಳ್ಳಿಯಲ್ಲಿ ಕಿನ್ನರಿ ವಾದಕರಾದ ಕೃಷ್ಣಾಚಾರ್ಯ ಹುಲಗೂರರ ಬಳಿ ಮೊದಲ ಪಾಠ. ಒಂದು ವರ್ಷದಲ್ಲಿ ಸುಮಾರು ಅರವತ್ತು ಚೀಜುಗಳನ್ನು ಹುಡುಗಿ ಕಂಠಪಾಠ ಮಾಡಿದಳು. ಆಮೇಲೆ ದತ್ತೋಪಂತ ದೇಸಾಯಿಯವರಲ್ಲಿ ಕೆಲಕಾಲ. ಹದಿನಾರನೆಯ ವಯಸ್ಸಿನಲ್ಲಿ ಗುರುರಾವ್ ಕೌಲಗಿಯವರೊಡನೆ ಬದುಕು ಕೂಡಿತು. ಮೂವರು ಮಕ್ಕಳಾದರು. ಸಂಸಾರದ ಆದಾಯಕ್ಕೆ ಈ ಕಂಠವೇ ಮುಖ್ಯ ಆಧಾರವಾಯಿತು. ಮುಂದೆ ಆ ಕಂಠಕ್ಕೇ ತೊಂದರೆ ಬಂದಾಗ ಎಷ್ಟು ದೊಡ್ಡ ಆತಂಕ ಎದುರಾಗಿದ್ದೀತೆಂಬುದನ್ನು ಊಹಿಸಿಕೊಳ್ಳಲು ಈ ಮಾತನ್ನು ನೆನಪಿಡಬೇಕು.

ಕುಂದಗೋಳದ ರೈಲು

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲುದಾರಿಯಲ್ಲಿ ಕುಂದಗೋಳ ಒಂದು ಸಣ್ಣ ನಿಲ್ದಾಣ. ಅಲ್ಲಿನ ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ಪ್ರಮುಖ ಶಿಷ್ಯರು. ಇವರ ಹೆಸರಿನ ಹಿಂದೆ ರಂಗಭೂಮಿಯ ಕಥೆಯೇ ಇದೆ. ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ನಟಿಸಿ, ಸ್ತ್ರೀಪಾತ್ರಗಳನ್ನೂ ವಹಿಸಿ ಜನರ ಮನಸ್ಸನ್ನು ಸೂರೆಗೊಂಡ ಮೇಲೆ ಬಂದ ಬಿರುದು ಅದು. ಪಶ್ಚಿಮದ ಆಪೆರಾಕ್ಕೆ ನಮ್ಮಲ್ಲಿ ತೀರ ಹತ್ತಿರದ ಕಲೆ ಯಾವುದೆಂದರೆ ಈ ಸಂಗೀತ ನಾಟಕವೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಪದ ಕೇಳಬೇಕು, ಹಾಡಿನ ನಡುವೆ ಪಾತ್ರ ಮರೆಯಬಾರದು. ಮಲ್ಲಿಕಾರ್ಜುನ ಮನಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿ ಬಂದವರೇ. ಧಾರವಾಡ ಸೀಮೆಯ ಖಯಾಲ್ ಗಾಯನಕ್ಕೆ ರಂಗಭೂಮಿಯ ಋಣ ದೊಡ್ಡದು.

ಸವಾಯಿ ಗಂಧರ್ವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಹರೆಯದಲ್ಲಿ ಕಂಠ ಒಡೆದ ಮೇಲೆ ಅವರ ಧ್ವನಿ ಸುಲಭವಾಗಿ ಬಾಗುವಂಥದಾಗಿರಲಿಲ್ಲ. ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಪಳಗಿಸಿಕೊಂಡವರು ಅವರು. ಒಲಿಯದ ಕಂಠವನ್ನು ಒಲಿಸಿಕೊಳ್ಳುವ ದಾರಿ ಗೊತ್ತಿದ್ದ ಗುರು ಗಂಗೂಬಾಯಿಯವರಿಗೆ ದೊರೆತದ್ದು ಮುಂದಿನ ದಿನಗಳಿಗೆ ಒದಗಿ ಬಂದ ಭಾಗ್ಯ.

1930ರ ದಶಕದ ಕೊನೆಯ ವರ್ಷಗಳಲ್ಲಿ ಗಂಗೂಬಾಯಿ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಮುಗಿಸಿ ರಾತ್ರಿ ಹುಬ್ಬಳ್ಳಿಗೆ ಮರಳುತ್ತಿದ್ದರು. ಗುರುಗಳ ಮನೆಯಲ್ಲಿಯೇ ಇದ್ದು ಕಲಿಯುತ್ತಿದ್ದ ತರುಣ ಭೀಮಸೇನ ಜೋಶಿಯವರು ಅಕ್ಕನನ್ನು ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದರಂತೆ. ಮನೆ, ಮಕ್ಕಳು, ಕಛೇರಿ, ರೈಲು ಇವುಗಳ ನಡುವೆ ಪಾಠ. ಗುರುಗಳಾದರೋ ರಾಗಗಳ ರಾಶಿ ಸುರಿಯುವವರಲ್ಲ. ಒಂದೇ ಪಲುಕನ್ನು ನೂರಾರು ಸಲ ಹೇಳಿಸಿ, ಅದು ತಾನಾಗಿ ಕಂಠದಲ್ಲಿ ಕೂತ ಮೇಲೆಯೇ ಮುಂದಿನ ಮೆಟ್ಟಿಲು. ಜಿಪುಣನು ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕು ಎಂಬುದು ಗುರುಗಳ ಬೋಧನೆಯೆಂದು ಗಂಗೂಬಾಯಿ ಹೇಳುತ್ತಿದ್ದರು.

ಇದು ಕಿರಾಣಾ ಘರಾಣೆಯ ಲಕ್ಷಣವೂ ಹೌದು. ಅಲ್ಲಿ ಪ್ರಾಧಾನ್ಯ ಒಂದೊಂದು ಸ್ವರದ ನಿಲುವಿಗೆ. ಷಡ್ಜದಿಂದ ಹೊರಟು ರಿಷಭಕ್ಕೆ, ಗಾಂಧಾರಕ್ಕೆ ಅವಸರವಿಲ್ಲದೆ ಏರುತ್ತ, ಪ್ರತಿ ಸ್ವರವನ್ನೂ ಕೇಂದ್ರವಾಗಿಸಿ ಅದರ ಸುತ್ತ ಆಲಾಪವನ್ನು ಬೆಳೆಸುವ ಪದ್ಧತಿ ಅದು. ಇಂಥ ಗಾಯನಕ್ಕೆ ಕಂಠ ಎಷ್ಟು ಎತ್ತರ ಏರುತ್ತದೆ ಎಂಬುದಕ್ಕಿಂತ ಸ್ವರದ ಮೇಲೆ ಎಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ ಎಂಬುದು ಮುಖ್ಯ.

ಧ್ವನಿಮುದ್ರಿಕೆಗಳು ಹೇಳುವ ಕಥೆ

1930ರ ದಶಕದಲ್ಲಿ ಗಂಗೂಬಾಯಿಯವರ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅವನ್ನು ಇಂದು ಕೇಳಿದವರಿಗೆ ಆಶ್ಚರ್ಯ ತಪ್ಪದು. ತೆಳುವಾದ, ಎತ್ತರದ, ಚುರುಕಾದ ಹೆಣ್ಣುದನಿ. ನಾವು ಬಲ್ಲ ಗಂಗೂಬಾಯಿ ಇವರೇ ಎಂದು ನಂಬುವುದೇ ಕಷ್ಟ. ಆ ದಿನಗಳಲ್ಲಿ ಅವರು ಠುಮ್ರಿ, ಭಜನೆ, ಮರಾಠಿ ಭಾವಗೀತೆಗಳನ್ನೂ ಹಾಡುತ್ತಿದ್ದರು.

1940ರ ದಶಕದಲ್ಲಿ ಗಂಟಲಿನ ತೊಂದರೆ ಬಂತು. ಟಾನ್ಸಿಲ್ ಬಾಧೆಗೆ ಚಿಕಿತ್ಸೆಯಾಯಿತು. ಆನಂತರ ಮರಳಿದ ದನಿ ಹಳೆಯ ದನಿಯಾಗಿರಲಿಲ್ಲ. ಅದು ದಪ್ಪವಾಗಿತ್ತು, ಆಳವಾಗಿತ್ತು. ಕಣ್ಣು ಮುಚ್ಚಿ ಕೇಳಿದರೆ ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು ಕಷ್ಟ ಎನ್ನುವಂತಿತ್ತು.

ದನಿಯ ಎತ್ತರ ತಗ್ಗು ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ತಿಳಿಯೋಣ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮಡಿಕೆಗಳಿವೆ. ಶ್ವಾಸಕೋಶದಿಂದ ಬಂದ ಉಸಿರು ಅವುಗಳ ನಡುವೆ ಹಾಯುವಾಗ ಅವು ಅದುರುತ್ತವೆ. ಸಾಮಾನ್ಯ ಮಾತಿನಲ್ಲಿ ಗಂಡಸರ ಮಡಿಕೆಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರವು ಸುಮಾರು 210 ಸಲ ಅದುರುತ್ತವೆ. ಮಡಿಕೆ ಉದ್ದವಾಗಿ ದಪ್ಪವಾಗಿದ್ದರೆ ಅದುರು ನಿಧಾನ, ದನಿ ತಗ್ಗು. ತೆಳುವಾಗಿ ಬಿಗಿಯಾಗಿದ್ದರೆ ಅದುರು ವೇಗ, ದನಿ ಎತ್ತರ. ಆ ಮೂಲದನಿಗೆ ಬಣ್ಣ ಬರುವುದು ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ಅದು ಮೊಳಗಿದಾಗ. ಇವುಗಳಲ್ಲಿ ಯಾವೊಂದು ಬದಲಾದರೂ ಕೇಳುವವರಿಗೆ ಬೇರೆ ದನಿಯೇ ಕೇಳುತ್ತದೆ. ಹಾಡುವವರಿಗಾದರೋ ವರ್ಷಗಟ್ಟಲೆ ಕೂಡಿಸಿಟ್ಟ ಅಭ್ಯಾಸವೇ ತಲೆಕೆಳಗಾಗುತ್ತದೆ. ಎಷ್ಟು ಉಸಿರು ಕೊಟ್ಟರೆ ಯಾವ ಸ್ವರ ತಗಲುತ್ತದೆ ಎಂಬ ಲೆಕ್ಕವೆಲ್ಲ ಹೊಸದಾಗಿ ಮಾಡಬೇಕು.

ಜರ್ಮನಿಯಲ್ಲಿ ಆಗಿದ್ದರೆ?

ಇದೇ ಪ್ರಸಂಗ ಜರ್ಮನಿಯ ಆಪೆರಾ ಗಾಯಕಿಯೊಬ್ಬಳಿಗೆ ಬಂದಿದ್ದರೆ ಏನಾಗುತ್ತಿತ್ತು? ಅದನ್ನು ತಿಳಿಯಬೇಕಾದರೆ ಅಲ್ಲಿನ ವ್ಯವಸ್ಥೆಯನ್ನು ನೋಡಬೇಕು.

ಜರ್ಮನಿಯಲ್ಲಿ ಸರ್ಕಾರದ ಅಥವಾ ನಗರಸಭೆಯ ಹಣದಿಂದ ನಡೆಯುವ ಆಪೆರಾ ರಂಗಮಂದಿರಗಳು ಎಂಬತ್ತಕ್ಕೂ ಹೆಚ್ಚು. ನಮ್ಮ ಜಿಲ್ಲಾ ಕೇಂದ್ರಗಳಂಥ ಊರುಗಳಲ್ಲಿಯೂ ಒಂದೊಂದಿದೆ. ಸಂಗೀತ ವಿದ್ಯಾಲಯದಲ್ಲಿ ಕಲಿತು ಬಂದ ಗಾಯಕಿ ಮೊದಲು ಇಂಥ ಸಣ್ಣ ಊರಿನ ಮಂದಿರವೊಂದರಲ್ಲಿ ಪರೀಕ್ಷೆಗೆ ಹಾಡಿ, ಕಾಯಂ ತಂಡಕ್ಕೆ ಸೇರುತ್ತಾಳೆ. ತಿಂಗಳ ಸಂಬಳ, ರಜೆ, ವಿಮೆ ಎಲ್ಲವೂ ಉಂಟು. ಕರಾರು ನಿಗದಿತ ಅವಧಿಯದು, ನವೀಕರಿಸುತ್ತ ಹೋಗಬೇಕು. ಒಂದೇ ಮಂದಿರದಲ್ಲಿ ಹದಿನೈದು ವರ್ಷ ಕಳೆದರೆ ಸುಲಭವಾಗಿ ತೆಗೆದುಹಾಕುವಂತಿಲ್ಲ.

ಈ ನೌಕರಿಯ ಬೆನ್ನೆಲುಬು ‘ಫಾಖ್’ ಎಂಬ ಪದ್ಧತಿ. ಫಾಖ್ ಎಂದರೆ ವಿಭಾಗ ಅಥವಾ ಖಾನೆ. ಪ್ರತಿ ಗಾಯಕ ಗಾಯಕಿಯ ಧ್ವನಿಯನ್ನು ಅದರ ಎತ್ತರ, ತೂಕ, ಬಣ್ಣ ನೋಡಿ ಒಂದು ಖಾನೆಗೆ ಸೇರಿಸುತ್ತಾರೆ. ಹೆಂಗಸರಲ್ಲಿ ಎತ್ತರದ ದನಿ ಸೊಪ್ರಾನೊ, ನಡುವಿನದು ಮೆಝೊ ಸೊಪ್ರಾನೊ, ತಗ್ಗಿನದು ಆಲ್ಟೊ. ಇವುಗಳ ಒಳಗೆ ಮತ್ತೆ ಹಗುರ ದನಿ, ಭಾವಗೀತಾತ್ಮಕ ದನಿ, ಗಂಭೀರ ನಾಟಕೀಯ ದನಿ ಎಂಬ ಪಂಗಡಗಳು. ಯಾವ ಖಾನೆಗೆ ಯಾವ ಪಾತ್ರ ಎಂಬುದು ನಿಶ್ಚಿತ. ತನ್ನ ಖಾನೆಗೆ ಸೇರದ ಭಾರವಾದ ಪಾತ್ರವನ್ನು ಹೊರಿಸಿ ಎಳೆಯ ಕಂಠವನ್ನು ಹಾಳುಮಾಡದಂತೆ ಇದು ಒಂದು ರಕ್ಷಣೆ. ಅದೇ ಹೊತ್ತಿಗೆ ಇದೊಂದು ಬೇಲಿಯೂ ಹೌದು.

ಬೇಲಿ ಏಕೆಂದರೆ, ಆಪೆರಾದಲ್ಲಿ ಸ್ವರದ ಎತ್ತರವನ್ನು ಗಾಯಕಿ ನಿರ್ಧರಿಸುವಂತಿಲ್ಲ. ರಚನಕಾರ ಬರೆದಿಟ್ಟಿದ್ದಾನೆ. ಅರವತ್ತು, ಎಂಬತ್ತು ಮಂದಿ ವಾದಕರು ಒಂದೇ ಶ್ರುತಿಗೆ ವಾದ್ಯ ಕೂಡಿಸಿ ಕೂತಿದ್ದಾರೆ. ಆ ಶ್ರುತಿಸ್ವರ ಸೆಕೆಂಡಿಗೆ ಸುಮಾರು 440 ಅದುರುಗಳದ್ದು. 1791ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನಗೊಂಡ ಮೋಟ್ಸಾರ್ಟ್ ಅವರ ‘ಮಾಂತ್ರಿಕ ಕೊಳಲು’ ಆಪೆರಾದಲ್ಲಿ ರಾತ್ರಿರಾಣಿ ಎಂಬ ಪಾತ್ರವಿದೆ. ಅದನ್ನು ಹಾಡುವವಳು ಸೆಕೆಂಡಿಗೆ ಸುಮಾರು 1400 ಅದುರುಗಳ ಸ್ವರವನ್ನು ಮುಟ್ಟಲೇಬೇಕು. ಮುಟ್ಟಲಾಗದಿದ್ದರೆ ಪಾತ್ರ ಬೇರೆಯವಳಿಗೆ. ಇದರ ಮೇಲೆ ಧ್ವನಿವರ್ಧಕವಿಲ್ಲದೆ ಅಷ್ಟೂ ವಾದ್ಯಗಳ ಮೊಳಗನ್ನು ದಾಟಿ ಕೊನೆಯ ಸಾಲಿನವರೆಗೆ ದನಿ ತಲಪಬೇಕು. ಇದಕ್ಕೆ ತರಬೇತಾದ ಗಾಯಕರು, ಅದರಲ್ಲೂ ತಗ್ಗು ದನಿಯವರು, ಗಂಟಲಿನ ಪೊಳ್ಳನ್ನು ವಿಶೇಷ ರೀತಿಯಲ್ಲಿ ರೂಪಿಸಿ 3000 ಅದುರುಗಳ ಆಸುಪಾಸಿನಲ್ಲಿ ದನಿಗೆ ಹೊಳಪು ತರುತ್ತಾರೆಂದು ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ತೋರಿಸಿಕೊಟ್ಟಿದ್ದಾರೆ. ವಾದ್ಯವೃಂದದ ಬಲ ಆ ಎತ್ತರದಲ್ಲಿ ಕಡಿಮೆ. ಆದ್ದರಿಂದ ಒಂಟಿ ಮನುಷ್ಯಕಂಠ ಅಲ್ಲಿ ದಾರಿ ಮಾಡಿಕೊಳ್ಳುತ್ತದೆ.

ಜರ್ಮನಿಯ ಗಾಯಕಿ ಕ್ರಿಸ್ಟಾ ಲುಡ್ವಿಗ್ ಅವರ ಬದುಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1928ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ನಮ್ಮ ಗಾಂಧಾರಿಯ ಕುಟುಂಬ ಹುಬ್ಬಳ್ಳಿಗೆ ಬಂದ ವರ್ಷವೇ ಅದು. ಅವರ ತಾಯಿಯೂ ಗಾಯಕಿ, ತಾಯಿಯೇ ಗುರು. ಎರಡನೇ ಮಹಾಯುದ್ಧ ಮುಗಿದು ಊರುಗಳು ಇನ್ನೂ ಅವಶೇಷಗಳಾಗಿದ್ದ ಹೊತ್ತಿನಲ್ಲಿ ಫ್ರಾಂಕ್‌ಫರ್ಟ್ ರಂಗದ ಮೇಲೆ ಬಂದರು. ಆಮೇಲೆ ಡಾರ್ಮ್‌ಸ್ಟಾಟ್, ಹಾನೋವರ್, 1955ರಲ್ಲಿ ವಿಯೆನ್ನಾದ ಸರ್ಕಾರಿ ಆಪೆರಾ. ಸಣ್ಣ ಮಂದಿರದಿಂದ ದೊಡ್ಡ ಮಂದಿರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ವೃತ್ತಿ. ಅವರ ಖಾನೆ ಮೆಝೊ ಸೊಪ್ರಾನೊ. ಆದರೂ ಬೆಥೋವನ್ ಅವರ ‘ಫಿಡೆಲಿಯೊ’ದ ಲಿಯೊನೋರೆಯಂಥ ಎತ್ತರದ ಸೊಪ್ರಾನೊ ಪಾತ್ರಗಳನ್ನೂ ಧೈರ್ಯದಿಂದ ಹಾಡಿದರು. 1970ರ ದಶಕದಲ್ಲಿ ಅವರಿಗೂ ಕಂಠದ ತೊಂದರೆ ಬಂತು. ಎಚ್ಚರಿಕೆಯಿಂದ ಪಾತ್ರಗಳನ್ನು ಆರಿಸಿ ತಮ್ಮ ಖಾನೆಯೊಳಗೇ ಉಳಿದು, 1994ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ವಿದಾಯ ಹೇಳಿದರು. 2021ರಲ್ಲಿ ತೀರಿಕೊಂಡರು. ಬೇಲಿಯನ್ನು ದಾಟಿದರೂ ಅದರ ಬೆಲೆಯನ್ನು ಅರಿತಿದ್ದವರು.

ಷಡ್ಜ ನಮ್ಮದೇ

ಈಗ ಹುಬ್ಬಳ್ಳಿಗೆ ಮರಳೋಣ. ಗಂಗೂಬಾಯಿಯವರ ದನಿ ತಗ್ಗಿತು. ಆದರೆ ರಚನಕಾರನ ಲಿಪಿ ಅವರನ್ನು ಕಟ್ಟಿಹಾಕಿರಲಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಗದಿಯಾದ ಎತ್ತರವಿಲ್ಲ. ಹಾಡುವವರ ಕಂಠಕ್ಕೆ ಎಲ್ಲಿ ಹಿತವೋ ಅಲ್ಲಿ ಷಡ್ಜ. ತಂಬೂರಿಯ ತಂತಿ ಸಡಿಲಿಸಿ ಅದಕ್ಕೆ ಕೂಡಿಸಿದರಾಯಿತು, ತಬಲಾ ಆ ಸ್ವರಕ್ಕೆ ಬಂದರಾಯಿತು, ಹಾರ್ಮೋನಿಯಂದವರು ಬೇರೆ ಪಟ್ಟಿ ಹಿಡಿದರಾಯಿತು. ರಾಗದ ಸ್ವರೂಪವಿರುವುದು ಸ್ವರ ಸ್ವರಗಳ ನಡುವಣ ಅಂತರದಲ್ಲಿ. ಷಡ್ಜ ಎಲ್ಲಿದ್ದರೂ ಭೈರವ ಭೈರವವೇ.

ಗಂಗೂಬಾಯಿ ಹೊಸ ಕಂಠಕ್ಕೆ ತಕ್ಕಂತೆ ಷಡ್ಜವನ್ನು ಇಳಿಸಿಕೊಂಡರು. ಆದರೆ ತಂಬೂರಿ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸ ದನಿಗೆ ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ತಿಳಿದು ಆರಿಸಿಕೊಳ್ಳಬೇಕಾಯಿತು. ಲಘುಶೈಲಿಯ ಹಾಡುಗಳನ್ನು ಅವರು ಬಿಟ್ಟರು. ಠುಮ್ರಿ ಹಾಡಿರೆಂದು ಕೇಳಿದವರಿಗೆ ತಾವು ರಾಗಗಳನ್ನು ಮಾತ್ರ ಹಾಡುವುದಾಗಿ ಹೇಳುತ್ತಿದ್ದರು. ಭೈರವ, ಆಸಾವರಿ, ತೋಡಿ, ಭೀಮಪಲಾಸ, ಪೂರಿಯಾ, ಮಾರವಾ, ಕೇದಾರ, ಚಂದ್ರಕೌಂಸ ಇಂಥ ಗಂಭೀರ ರಾಗಗಳಿಗೆ ಆ ತುಂಬುದನಿ ಹೇಳಿ ಮಾಡಿಸಿದಂತಿತ್ತು. ಗುರು ಕಲಿಸಿದ ಜಿಪುಣತನ ಇಲ್ಲಿ ಕೆಲಸಕ್ಕೆ ಬಂತು. ಚುರುಕಿನಿಂದ ಗೆಲ್ಲಲಾಗದ್ದನ್ನು ನಿಲುವಿನಿಂದ ಗೆದ್ದರು. ತೆಳುದನಿಯ ಗಾಂಧಾರಿ ಹಾಗೆಯೇ ಮುಂದುವರಿದಿದ್ದರೆ ಒಳ್ಳೆಯ ಗಾಯಕಿಯರಲ್ಲಿ ಒಬ್ಬರಾಗುತ್ತಿದ್ದರೇನೋ. ದಪ್ಪದನಿಯ ಗಂಗೂಬಾಯಿಗೆ ಹೋಲಿಕೆ ಹುಡುಕುವುದೇ ಕಷ್ಟವಾಯಿತು.

ಜರ್ಮನಿಯ ಖಾನೆಗಳ ಪದ್ಧತಿಯಲ್ಲಿ ದನಿ ಬದಲಾದರೆ ಪಾತ್ರ ಬದಲಾಗುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ. ಖಯಾಲಿನಲ್ಲಿ ದನಿಗೆ ತಕ್ಕಂತೆ ಶ್ರುತಿ ಬದಲಾಗುತ್ತದೆ. ಹೆಣ್ಣಿನ ಕಂಠ ಹೀಗೇ ಇರಬೇಕು ಎಂಬ ನಿಯಮ ಶಾಸ್ತ್ರದಲ್ಲಿಲ್ಲ. ಇದ್ದದ್ದು ಕೇಳುವವರ ರೂಢಿಯಲ್ಲಿ. ಆ ರೂಢಿಯನ್ನು ಗಂಗೂಬಾಯಿ ಹಾಡಿ ಹಾಡಿಯೇ ಮುರಿದರು.

ಸ್ವಾತಂತ್ರ್ಯದ ಇನ್ನೊಂದು ಮುಖ

ಹಾಗೆಂದು ನಮ್ಮ ವ್ಯವಸ್ಥೆಯೇ ಮೇಲು ಎಂದು ಬೀಗುವಂತಿಲ್ಲ. ಕ್ರಿಸ್ಟಾ ಲುಡ್ವಿಗ್ ಅವರಿಗಿದ್ದ ತಿಂಗಳ ಸಂಬಳ ಗಂಗೂಬಾಯಿಯವರಿಗಿರಲಿಲ್ಲ. ಒಂದು ಕಛೇರಿ ತಪ್ಪಿದರೆ ಆ ತಿಂಗಳ ಲೆಕ್ಕ ತಪ್ಪುತ್ತಿತ್ತು. ಗಂಟಲು ಕೆಟ್ಟ ದಿನ ರಜೆಯ ಸಂಬಳ ಕೊಡುವವರಿರಲಿಲ್ಲ. ರಾಜಾಶ್ರಯ ಕಳೆದುಹೋಗಿ ಹೊಸ ಆಶ್ರಯ ಇನ್ನೂ ಗಟ್ಟಿಯಾಗದ ಸಂಧಿಕಾಲ ಅದು. ಗ್ರಾಮಫೋನ್ ಕಂಪನಿ, ಆಕಾಶವಾಣಿ, ದೊಡ್ಡ ಊರುಗಳ ಸಂಗೀತ ಸಮ್ಮೇಳನ, ಇವುಗಳ ನಡುವೆ ರೈಲಿನಲ್ಲಿ ಓಡಾಡುತ್ತ ಸಂಸಾರ ನಡೆಸಬೇಕಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದದ್ದು ಈ ಸೀಮೆಯ ಅನೇಕ ಕಲಾವಿದರಿಗೆ ದೊಡ್ಡ ಆಸರೆಯಾಯಿತು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯವು ಗಂಗೂಬಾಯಿಯವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು.

ಮರ್ಯಾದೆಯ ಮಾತು ಬೇರೆ. ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಆದರೆ ಕೇಸರಬಾಯಿ, ಮೋಗೂಬಾಯಿಯವರಂಥ ಹೆಂಗಸರು ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತನ್ನು ಅವರು ನಗುತ್ತಲೇ ಆಡುತ್ತಿದ್ದರು. ಆ ನಗುವಿನ ಹಿಂದೆ ಶುಕ್ರವಾರಪೇಟೆಯ ಕಿಟಕಿಗಳ ನೆನಪೂ ಇದ್ದಿರಬೇಕು. ಗೌರವಗಳು ಬಂದವು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1996ರಲ್ಲಿ ಅದೇ ಅಕಾಡೆಮಿಯ ಫೆಲೋಶಿಪ್, 2002ರಲ್ಲಿ ಪದ್ಮವಿಭೂಷಣ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೂ ಅವರ ಹೆಸರೇ ಇದೆ. ಕುಹಕ ಕೇಳುತ್ತ ಪಾಠಕ್ಕೆ ಹೋದ ಹುಡುಗಿಯ ಹೆಸರಿನಲ್ಲಿ ಒಂದು ವಿಶ್ವವಿದ್ಯಾಲಯ!

ಎರಡು ದನಿಗಳ ಕಛೇರಿ

ಹಲವಾರು ವರ್ಷ ಗಂಗೂಬಾಯಿಯವರ ಕಛೇರಿ ಎಂದರೆ ಇಬ್ಬರ ಕಛೇರಿ. ಮಗಳು ಕೃಷ್ಣಾ ಹಾನಗಲ್ ಪಕ್ಕದಲ್ಲಿ ಕುಳಿತು ಸಹಗಾಯನ ಮಾಡುತ್ತಿದ್ದರು. ತಾಯಿಯ ದನಿ ಕೆಳಗಿನ ಸ್ವರಗಳಲ್ಲಿ ನೆಲ ಹಿಡಿದು ನಿಂತಾಗ ಮಗಳ ಇಂಪಾದ ಹೆಣ್ಣುದನಿ ಅದರ ಮೇಲೆ ಏರಿ ಹೋಗುತ್ತಿತ್ತು. ಒಂದೇ ರಾಗ, ಒಂದೇ ಶ್ರುತಿ, ಎರಡು ಬಣ್ಣ. ತಾಯಿ ಕಳೆದುಕೊಂಡ ಎತ್ತರ ಮಗಳಲ್ಲಿ ಮರಳಿ ಸಿಕ್ಕಂತಿತ್ತು. ಮಗಳಿಗಾಗಿ ಹಾಡು ನಿಲ್ಲಿಸಿದ ಅಂಬಾಬಾಯಿ, ತಾಯಿಯ ಜೊತೆಗೇ ತನ್ನ ಹಾಡನ್ನು ಇರಿಸಿದ ಕೃಷ್ಣಾ, ಇವರಿಬ್ಬರ ನಡುವೆ ಗಂಗೂಬಾಯಿಯವರ ವೃತ್ತಿಜೀವನ ನಿಂತಿದೆ. ಕೃಷ್ಣಾ 2004ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, 2003ರಲ್ಲಿ, ತಾವೇ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದ ತೊಂಬತ್ತರ ತಾಯಿಗೆ ಅದು ದನಿ ಕಳೆದುಕೊಂಡುದಕ್ಕಿಂತ ದೊಡ್ಡ ನಷ್ಟ.

ಆದರೂ 2006ರಲ್ಲಿ, ವೃತ್ತಿಜೀವನದ ಎಪ್ಪತ್ತೈದನೆಯ ವರ್ಷದ ನೆನಪಿಗೆ, ಅವರು ಮತ್ತೆ ವೇದಿಕೆ ಏರಿದರು. ಅದೇ ಅವರ ಕೊನೆಯ ಕಛೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ದೇಶಪಾಂಡೆ ನಗರದ ಅವರ ಮನೆ ‘ಗಂಗಾಲಹರಿ’ಯಲ್ಲಿ ವಾದ್ಯಗಳ ಸಂಗ್ರಹಾಲಯವಿದೆ.

ಗುರುಕುಲಕ್ಕೆ ಹೋಗುವ ಮಗು

ಉಣಕಲ್ಲಿನ ಗುರುಕುಲವನ್ನು ಈಗ ಮತ್ತೊಮ್ಮೆ ನೋಡೋಣ. ಗಂಗೂಬಾಯಿಯವರಿಗೆ ಸಿಗದೆ ಇದ್ದುದನ್ನು ಇಂದಿನ ಮಗುವಿಗೆ ಕೊಡುವ ಪ್ರಯತ್ನ ಅದು. ರಾತ್ರಿ ರೈಲು ಕಾಯಬೇಕಿಲ್ಲ, ಗುರುಗಳು ಅದೇ ಆವರಣದಲ್ಲಿದ್ದಾರೆ. ಊಟ ವಸತಿಯ ಚಿಂತೆ ಇಲ್ಲ. ಹಾಡು ಕಲಿಯಲು ಹೋಗುವ ಹುಡುಗಿಯನ್ನು ನೋಡಿ ನಗುವವರ ಕಾಲವೂ ಬಹುಮಟ್ಟಿಗೆ ಮುಗಿದಿದೆ. ಈ ಮಟ್ಟಿಗೆ ಇದು ಜರ್ಮನಿಯ ಮಾದರಿಗೆ ಹತ್ತಿರ. ಸಾರ್ವಜನಿಕ ಹಣದಿಂದ ಕಲೆಗೆ ನೆಲೆ ಕೊಡುವ ಕ್ರಮ ಅದು. ಆದರೆ ಅಲ್ಲಿ ಕಲಿತು ಹೊರಬಿದ್ದ ಗಾಯಕಿಗೆ ಸಣ್ಣ ಊರಿನ ಮಂದಿರವೊಂದು ಸಂಬಳ ಕೊಟ್ಟು ಕಾಯುತ್ತಿರುತ್ತದೆ. ಇಲ್ಲಿ ಕಲಿತು ಹೊರಬಿದ್ದವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ಕಲಿಕೆಗೆ ಮನೆ ಕಟ್ಟಿದ್ದೇವೆ, ಕಲಿತವರ ಬದುಕಿಗೆ ಇನ್ನೂ ಕಟ್ಟಬೇಕಿದೆ.

ಮನೆಯಲ್ಲಿ ಹಾಡುವ ಮಕ್ಕಳಿರುವ ತಂದೆತಾಯಿಯರಿಗೆ ಈ ಕಥೆಯಿಂದ ಒಂದೆರಡು ಮಾತು ಹೇಳಬಹುದು. ಗಂಡುಮಕ್ಕಳ ಕಂಠ ಹದಿಮೂರು ಹದಿನಾಲ್ಕರ ಸುಮಾರಿಗೆ ಒಡೆಯುತ್ತದೆ. ಹೆಣ್ಣುಮಕ್ಕಳ ಕಂಠವೂ ಆ ವಯಸ್ಸಿನಲ್ಲಿ ಸ್ವಲ್ಪ ತಗ್ಗುತ್ತದೆ. ಆಗ ಹಳೆಯ ಪಟ್ಟಿಯಲ್ಲಿಯೇ ಹಾಡೆಂದು ಒತ್ತಾಯ ಮಾಡಬಾರದು. ಗುರುಗಳನ್ನು ಕೇಳಿ ಶ್ರುತಿ ಇಳಿಸಬೇಕು, ಕಿರುಚದೆ ಕೆಳಗಿನ ಸ್ವರಗಳ ಅಭ್ಯಾಸ ಮಾಡಿಸಬೇಕು. ದನಿ ಒರಟಾಗಿ ವಾರಗಳು ಕಳೆದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು. ಇನ್ನೊಬ್ಬರ ದನಿಯನ್ನು ಅನುಕರಿಸಹೋಗಿ ತನ್ನ ದನಿಯನ್ನು ಕೆಡಿಸಿಕೊಂಡವರು ಬಹಳ ಮಂದಿ.

ಓದುಗರಲ್ಲಿ ಒಂದು ಸಣ್ಣ ಕೋರಿಕೆ. ಒಮ್ಮೆ ಬಿಡುವು ಮಾಡಿಕೊಂಡು ಗಂಗೂಬಾಯಿಯವರ 1930ರ ದಶಕದ ಧ್ವನಿಮುದ್ರಿಕೆಯೊಂದನ್ನೂ, ಅವರು ಅರವತ್ತು ದಾಟಿದ ಮೇಲಿನ ಒಂದು ರಾಗವನ್ನೂ ಒಂದರ ಹಿಂದೆ ಒಂದು ಕೇಳಿರಿ. ಮೊದಲು ದನಿಯ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಸ್ವಲ್ಪ ಹೊತ್ತು ಕೂತು ಕೇಳಿದರೆ ಸ್ವರ ಸ್ವರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುವ ರೀತಿ ತಿಳಿಯುತ್ತದೆ. ಆಗ ತಾನಾಗಿಯೇ ಗೊತ್ತಾಗುತ್ತದೆ: ವಿಧಿ ಕೊಟ್ಟ ಕಂಠ ಯಾವ ಬಗೆಯದೇ ಇರಲಿ, ಅದಕ್ಕೊಂದು ಷಡ್ಜ ಇದ್ದೇ ಇದೆ. ಅದನ್ನು ಹುಡುಕಿ ತಂಬೂರಿ ಕೂಡಿಸಿ ಕೂರುವ ತಾಳ್ಮೆ ಇರಬೇಕು, ಅಷ್ಟೆ.